ನೆಲ ಬದಲಾದ ಹಬ್ಬ: ಟಾರ್ಪನ್ ಸ್ಪ್ರಿಂಗ್ಸ್‌ನ ಗ್ರೀಕ್ ವಲಸಿಗರ ಎಪಿಫನಿ ಆಚರಣೆ

ಹಬ್ಬವೆಂಬುದು ನೆಲಕ್ಕೆ ಅಂಟಿಕೊಂಡದ್ದು ಎಂಬ ತಿಳಿವಳಿಕೆ ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ನೆಲೆಯೂರಿದೆ. ಊರಿನ ಗುಡಿ, ಊರಿನ ಕೆರೆ, ಅಲ್ಲಿನ ಬೆಳೆ ಮತ್ತು ಋತುಮಾನ, ಒಕ್ಕಲುಗಳ ನಡುವಿನ ಹಕ್ಕುಬಾಧ್ಯತೆ ಇವುಗಳಿಂದ ಬೇರ್ಪಟ್ಟ ಹಬ್ಬ ಬೇರು ಕಿತ್ತ ಗಿಡದಂತೆ ಬಾಡುತ್ತದೆ ಎಂಬುದು ಈ ತಿಳಿವಳಿಕೆಯ ಸಾರ. ಆದರೆ 19 ಮತ್ತು 20ನೆಯ ಶತಮಾನಗಳಲ್ಲಿ ಕೋಟ್ಯಂತರ ಜನ ಸಮುದ್ರ ದಾಟಿ ಬೇರೆ ದೇಶಗಳಲ್ಲಿ ನೆಲೆಸಿದಾಗ ಅವರ ಹಬ್ಬಗಳೂ ಅವರೊಡನೆ ಪ್ರಯಾಣ ಮಾಡಿದವು. ಅವುಗಳಲ್ಲಿ ಕೆಲವು ಒಂದೆರಡು ತಲೆಮಾರುಗಳಲ್ಲಿ ಹೇಳಹೆಸರಿಲ್ಲದಂತಾದವು. ಕೆಲವು ಮನೆಯ ಅಡುಗೆಗಷ್ಟೇ ಸೀಮಿತಗೊಂಡವು. ಮತ್ತೆ ಕೆಲವು ಹೊಸ ನೆಲದಲ್ಲಿ ಹೊಸ ಕಸುವನ್ನು ಪಡೆದು ಬೆಳೆದವು. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ಒಂದು ನಿರ್ದಿಷ್ಟ ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ರಾಜ್ಯದ ಟಾರ್ಪನ್ ಸ್ಪ್ರಿಂಗ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಗ್ರೀಕ್ ವಲಸಿಗರು ಶತಮಾನಕ್ಕೂ ಮೀರಿ ನಡೆಸಿಕೊಂಡು ಬಂದಿರುವ ಎಪಿಫನಿ ಹಬ್ಬವೇ ಆ ನಿದರ್ಶನ.

1. ಹಬ್ಬದ ಹೆಸರು ಮತ್ತು ಎರಡು ಧಾರೆಗಳು

‘ಎಪಿಫನಿ’ ಗ್ರೀಕ್ ಮೂಲದ ಪದ. ‘ಪ್ರಕಟವಾಗುವುದು’, ‘ಕಾಣಿಸಿಕೊಳ್ಳುವುದು’ ಎಂಬುದು ಅದರ ಅರ್ಥ. ದೇವರು ಮನುಷ್ಯರಿಗೆ ಪ್ರಕಟವಾದ ದಿನವೆಂದು ಕ್ರೈಸ್ತರು ಜನವರಿ 6ರಂದು ಇದನ್ನು ಆಚರಿಸುತ್ತಾರೆ. ಆದರೆ ಯಾವ ಪ್ರಕಟಣೆ ಎಂಬಲ್ಲಿ ಪಶ್ಚಿಮದ ಮತ್ತು ಪೂರ್ವದ ಸಭೆಗಳು ಬೇರೆಯಾಗುತ್ತವೆ. ರೋಮಿನ ಪರಂಪರೆಗೆ ಸೇರಿದ ಪಶ್ಚಿಮದ ಸಭೆಗಳಲ್ಲಿ ನಕ್ಷತ್ರದ ಜಾಡು ಹಿಡಿದು ಶಿಶು ಯೇಸುವನ್ನು ಕಾಣಬಂದ ಮೂಡಣದ ಜ್ಞಾನಿಗಳ ಕಥೆ ಈ ದಿನದ ಕೇಂದ್ರ. ಕನ್ನಡ ಬೈಬಲಿನ ಅನುವಾದಗಳಲ್ಲಿ ‘ಜೋಯಿಸರು’ ಎಂದು ಕರೆಯಲ್ಪಟ್ಟಿರುವವರು ಇವರೇ. ಮತ್ತಾಯನ ಸುವಾರ್ತೆ ಇವರ ಸಂಖ್ಯೆಯನ್ನು ಹೇಳುವುದಿಲ್ಲ. ಅವರು ರಾಜರೆಂದೂ ಹೇಳುವುದಿಲ್ಲ. ಚಿನ್ನ, ಧೂಪ, ರಕ್ತಬೋಳಗಳೆಂಬ ಮೂರು ಕಾಣಿಕೆಗಳ ಆಧಾರದ ಮೇಲೆ ಮೂವರು ರಾಜರ ಕಲ್ಪನೆಯನ್ನು ಕಟ್ಟಿ ಬೆಳೆಸಿದ್ದು ನಂತರದ ಪರಂಪರೆ.

ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇದೇ ದಿನ ಯೇಸು ಜೋರ್ಡಾನ್ ನದಿಯಲ್ಲಿ ಸ್ನಾನಿಕ ಯೋಹಾನನಿಂದ ದೀಕ್ಷಾಸ್ನಾನ ಪಡೆದುದರ ಸ್ಮರಣೆಯಾಗಿದೆ. ಪವಿತ್ರಾತ್ಮ ಪಾರಿವಾಳದ ರೂಪದಲ್ಲಿ ಇಳಿದು, ಆಕಾಶವಾಣಿಯಾಗಿ, ದೈವತ್ವ ಪ್ರಕಟವಾದ ಗಳಿಗೆ ಅದು. ಗ್ರೀಕರು ಇದನ್ನು ‘ಥಿಯೊಫಾನಿಯ’ ಎಂದೂ, ಜನಬಳಕೆಯಲ್ಲಿ ‘ಫೋತ’, ಅಂದರೆ ‘ಬೆಳಕುಗಳು’ ಎಂದೂ ಕರೆಯುತ್ತಾರೆ. ಪಶ್ಚಿಮದ ಹಬ್ಬ ನಕ್ಷತ್ರ, ಪಯಣ ಮತ್ತು ಕಾಣಿಕೆಗಳದ್ದಾದರೆ ಪೂರ್ವದ ಹಬ್ಬ ನೀರಿನದು. ಕೇರಳದ ಸುರಿಯಾನಿ ಕ್ರೈಸ್ತರು ಇದೇ ಹಬ್ಬವನ್ನು ‘ದನಹ’ ಎಂದು ಕರೆಯುತ್ತಾರೆ. ‘ಉದಯ’ ಎಂಬ ಅರ್ಥದ ಈ ಸುರಿಯಾನಿ ಪದದೊಂದಿಗೆ, ಮನೆಯ ಮುಂದೆ ಬಾಳೆಯ ದಿಂಡನ್ನು ನೆಟ್ಟು ಅದರ ಸುತ್ತ ದೀಪ ಹಚ್ಚುವ ‘ಪಿಂಡಿಕುತ್ತಿ’ ಎಂಬ ಆಚರಣೆಯೂ ಅಲ್ಲಿ ಬೆಳೆದಿದೆ. ಬೆಳಕು ಮತ್ತು ನೀರಿನ ಪೂರ್ವದ ಧಾರೆ ಭಾರತದ ಕರಾವಳಿಯನ್ನೂ ತಲುಪಿತ್ತೆಂಬುದಕ್ಕೆ ಇದು ಸಾಕ್ಷಿ.

2. ತಾಯ್ನೆಲದಲ್ಲಿ ಹಬ್ಬದ ಜನಪದ ನೆಲೆ

ಗ್ರೀಕ್ ಜನಪದರಲ್ಲಿ ಎಪಿಫನಿ ಒಂದು ದಿನದ ಹಬ್ಬವಾಗಿರಲಿಲ್ಲ. ಕ್ರಿಸ್ಮಸ್ಸಿನಿಂದ ಜನವರಿ 6ರವರೆಗಿನ ಹನ್ನೆರಡು ದಿನಗಳು ಒಂದು ಅಖಂಡ ಅವಧಿ. ಎಪಿಫನಿ ಅದರ ಮುಕ್ತಾಯ. ಈ ಅವಧಿಯಲ್ಲಿ ನೀರಿಗೆ ‘ದೀಕ್ಷೆ’ಯಾಗಿರುವುದಿಲ್ಲ. ಆದ್ದರಿಂದ ಲೋಕ ರಕ್ಷಣೆಯಿಲ್ಲದ ಸ್ಥಿತಿಯಲ್ಲಿರುತ್ತದೆ ಎಂಬುದು ನಂಬಿಕೆ. ‘ಕಲಿಕಾಂಝರಿ’ ಎಂಬ ಕುಚೇಷ್ಟೆಯ ಭೂತಗಳು ಆಗ ಪಾತಾಳದಿಂದ ಮೇಲೆ ಬರುತ್ತವೆ. ವರ್ಷವಿಡೀ ಅವು ಭೂಮಿಯನ್ನು ಹೊತ್ತ ಮರವನ್ನು ಗರಗಸದಿಂದ ಕೊಯ್ಯುತ್ತಿರುತ್ತವೆ. ಇನ್ನೇನು ಮರ ಉರುಳಬೇಕು ಎನ್ನುವಷ್ಟರಲ್ಲಿ ಕ್ರಿಸ್ಮಸ್ ಬರುತ್ತದೆ. ಅವು ಕೆಲಸ ಬಿಟ್ಟು ಮೇಲೆ ಬಂದು ಜನರನ್ನು ಕಾಡುತ್ತವೆ. ಅವು ಹೊಗೆಗೂಡಿನಿಂದ ಇಳಿಯದಂತೆ ಹನ್ನೆರಡು ರಾತ್ರಿ ಒಲೆಯ ಬೆಂಕಿಯನ್ನು ಆರಲು ಬಿಡಬಾರದು. ಎಪಿಫನಿಯ ಹೊತ್ತಿಗೆ ಪಾದ್ರಿ ಮನೆಮನೆಗೆ ಬಂದು ಕಾಮಕಸ್ತೂರಿಯ ಕುಡಿಯನ್ನು ಪವಿತ್ರ ಜಲದಲ್ಲಿ ಅದ್ದಿ ಚಿಮುಕಿಸಿದಾಗ ಅವು ಪಾತಾಳಕ್ಕೆ ಓಡುತ್ತವೆ. ಅಷ್ಟರಲ್ಲಿ ಕೊಯ್ದ ಮರ ಮತ್ತೆ ಕೂಡಿಕೊಂಡಿರುತ್ತದೆ.

ದ್ವೀಪಗಳ ಮತ್ತು ಕರಾವಳಿಯ ಜನರಿಗೆ ಈ ಹಬ್ಬದ ಅರ್ಥ ಇನ್ನೂ ನೇರವಾದದ್ದು. ನೀರಿಗೆ ಆಶೀರ್ವಾದವಾಗುವ ಮುನ್ನ ಹಡಗು ಹೊರಡುವುದು ಕ್ಷೇಮವಲ್ಲವೆಂದು ನಾವಿಕರು ಭಾವಿಸುತ್ತಿದ್ದರು. ಪಾದ್ರಿ ಬಂದರಿನಲ್ಲಿ ನಿಂತು ಶಿಲುಬೆಯನ್ನು ನೀರಿಗೆ ಎಸೆದಾಗ ಯುವಕರು ಧುಮುಕಿ ಅದನ್ನು ಹುಡುಕಿ ತರುವುದು ಗ್ರೀಕ್ ಕರಾವಳಿಯುದ್ದಕ್ಕೂ ಕಂಡುಬರುವ ಪದ್ಧತಿ. ತಂದವನು ಶಿಲುಬೆಯನ್ನು ತಟ್ಟೆಯಲ್ಲಿರಿಸಿಕೊಂಡು ಮನೆಮನೆಗೆ ಹೋಗಿ ಕಾಣಿಕೆ ಪಡೆಯುವುದೂ ಉಂಟು. ಹೀಗೆ ತಾಯ್ನೆಲದಲ್ಲಿ ಹಬ್ಬಕ್ಕೆ ಮೂರು ನೆಲೆಗಳಿದ್ದವು: ಚರ್ಚಿನ ವಿಧಿ, ಮನೆಯ ಒಲೆ ಮತ್ತು ನಂಬಿಕೆಯ ಕಥನಗಳು, ಕಡಲಿನ ಕಸುಬು. ವಲಸೆಯಲ್ಲಿ ಈ ಮೂರರ ಗತಿ ಒಂದೇ ಬಗೆಯದಾಗಲಿಲ್ಲ.

3. ಸ್ಪಂಜಿನ ಕಸುಬು ಮತ್ತು ವಲಸೆ

ಏಜಿಯನ್ ಸಮುದ್ರದ ಆಗ್ನೇಯಕ್ಕಿರುವ ದೋದೆಕನೀಸ್ ದ್ವೀಪಸಮೂಹದ ಕಲಿಮ್ನೊಸ್, ಸಿಮಿ, ಹಾಲ್ಕಿ ದ್ವೀಪಗಳ ಜನರಿಗೆ ಸಮುದ್ರದ ತಳದಿಂದ ಸ್ಪಂಜನ್ನು ತೆಗೆಯುವುದು ತಲೆತಲಾಂತರದ ಕಸುಬು. ಮೊದಲು ಚಪ್ಪಟೆ ಕಲ್ಲೊಂದನ್ನು ಹಿಡಿದು ಒಂದೇ ಉಸಿರಿನಲ್ಲಿ ಮುಳುಗಿ ಸ್ಪಂಜು ಕೀಳುತ್ತಿದ್ದರು. 1860ರ ದಶಕದಲ್ಲಿ ಲೋಹದ ಶಿರಸ್ತ್ರಾಣ ಮತ್ತು ಗಾಳಿಯ ಕೊಳವೆಯುಳ್ಳ ಮುಳುಗುಡುಪು ಬಂದಿತು. ಗ್ರೀಕರು ‘ಸ್ಕಾಫಾಂದ್ರೊ’ ಎಂದು ಕರೆದ ಈ ಉಡುಪಿನಿಂದ ಹೆಚ್ಚು ಆಳದಲ್ಲಿ ಹೆಚ್ಚು ಹೊತ್ತು ಇರಲು ಸಾಧ್ಯವಾಯಿತು, ಗಳಿಕೆ ಹೆಚ್ಚಿತು. ಅದರ ಬೆಲೆಯೂ ಘೋರವಾಗಿತ್ತು. ಆಳದಿಂದ ಬೇಗನೆ ಮೇಲೇರಿದಾಗ ರಕ್ತದಲ್ಲಿ ಸಾರಜನಕದ ಗುಳ್ಳೆಗಳು ಉಂಟಾಗುತ್ತವೆ ಎಂಬ ಅರಿವು ಆಗಿನ್ನೂ ಮುಳುಗುಗಾರರಿಗೆ ಇರಲಿಲ್ಲ. ಅನೇಕರು ಸತ್ತರು, ಅನೇಕರ ಕೈಕಾಲು ಬಿದ್ದುಹೋದವು. ಕಲಿಮ್ನೊಸ್‌ನ ‘ಮಿಹಾನಿಕೊಸ್’ ಎಂಬ ಕುಣಿತದಲ್ಲಿ ಮುಂದಾಳು ಊರುಗೋಲು ಹಿಡಿದು ನಡುಗುವ ಕಾಲುಗಳಲ್ಲಿ ಕುಣಿಯುತ್ತಾನೆ. ಆ ಕುಣಿತ ಹೀಗೆ ಊನಗೊಂಡ ಮುಳುಗುಗಾರನದೇ ಅನುಕರಣೆ. ನೀರು ಅನ್ನ ಕೊಡುತ್ತಿತ್ತು, ಅಂಗವನ್ನು ಕಸಿಯುತ್ತಿತ್ತು. ನೀರಿಗೆ ಆಶೀರ್ವಾದ ಬೇಡುವ ಹಬ್ಬ ಈ ಜನರಿಗೆ ಜೀವದ ಪ್ರಶ್ನೆಯೇ ಆಗಿತ್ತು.

ಫ್ಲಾರಿಡಾದ ಪಶ್ಚಿಮ ತೀರದಲ್ಲಿ, ಮೆಕ್ಸಿಕೊ ಕೊಲ್ಲಿಯನ್ನು ಸೇರುವ ಅಂಕ್ಲೋಟ್ ನದಿಯ ದಡದಲ್ಲಿರುವ ಟಾರ್ಪನ್ ಸ್ಪ್ರಿಂಗ್ಸ್ 1887ರಲ್ಲಿ ಪೌರಾಡಳಿತವನ್ನು ಪಡೆದ ಪಟ್ಟಣ. ಉತ್ತರದ ಸಿರಿವಂತರು ಚಳಿಗಾಲ ಕಳೆಯಲು ಬರುತ್ತಿದ್ದ ವಿಹಾರಸ್ಥಳವಾಗಿ ಅದು ಬೆಳೆಯಿತು. 1890ರ ದಶಕದಲ್ಲಿ ಜಾನ್ ಚೇನಿ ಎಂಬ ವ್ಯಾಪಾರಿ ಅಲ್ಲಿ ಸ್ಪಂಜಿನ ವಹಿವಾಟನ್ನು ಆರಂಭಿಸಿದನು. ಆಗ ಸ್ಪಂಜನ್ನು ದೋಣಿಯಿಂದಲೇ ಉದ್ದನೆಯ ಕೊಕ್ಕೆಗೋಲಿನಿಂದ ಎಳೆದು ತೆಗೆಯುತ್ತಿದ್ದರು. ಅವನ ಜೊತೆಗಾರನಾದ ಜಾನ್ ಕೊಕೋರಿಸ್ ಎಂಬ ಗ್ರೀಕ್ ವ್ಯಾಪಾರಿ 1905ರಲ್ಲಿ ಮುಳುಗುಡುಪಿನ ಪದ್ಧತಿಯನ್ನು ಅಲ್ಲಿ ಜಾರಿಗೆ ತಂದನು. ಸ್ವಲ್ಪ ಕಾಲದಲ್ಲಿಯೇ ದೋದೆಕನೀಸ್‌ನಿಂದ ನೂರಾರು ಮುಳುಗುಗಾರರೂ ದೋಣಿಯಾಳುಗಳೂ ಬಂದರು. 1907ರಲ್ಲಿ ನಾವಿಕರ ರಕ್ಷಕನೆಂದು ಖ್ಯಾತನಾದ ಸಂತ ನಿಕೋಲಸನ ಹೆಸರಿನ ಚರ್ಚು, 1908ರಲ್ಲಿ ಸ್ಪಂಜಿನ ಹರಾಜುಕಟ್ಟೆ ಸ್ಥಾಪಿತವಾದವು. ಎಪಿಫನಿಯ ಆಚರಣೆ 1906ರಿಂದ ನಡೆದು ಬಂದಿದೆ ಎಂಬುದು ಪಟ್ಟಣದ ಗಣನೆ. ಅಂದರೆ ಚರ್ಚಿನ ಕಟ್ಟಡಕ್ಕೂ ಮಾರುಕಟ್ಟೆಗೂ ಮೊದಲೇ ಹಬ್ಬ ನೆಲೆಗೊಂಡಿತ್ತು.

ಇಲ್ಲಿ ‘ತಾಯ್ನಾಡು’ ಎಂಬ ಪದವನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ಈ ವಲಸಿಗರು ಹೊರಟಾಗ ದೋದೆಕನೀಸ್ ಗ್ರೀಸ್ ದೇಶಕ್ಕೆ ಸೇರಿರಲಿಲ್ಲ. ಅದು ಆಟೊಮನ್ ಸಾಮ್ರಾಜ್ಯದ ಭಾಗವಾಗಿತ್ತು. 1912ರಲ್ಲಿ ಇಟಲಿ ಅದನ್ನು ವಶಪಡಿಸಿಕೊಂಡಿತು. ದ್ವೀಪಗಳು ವಿಧ್ಯುಕ್ತವಾಗಿ ಗ್ರೀಸಿಗೆ ಸೇರಿದ್ದು 1948ರಲ್ಲಿ. ಆದ್ದರಿಂದ ಆ ಮೊದಲ ತಲೆಮಾರಿನವರು ರಾಷ್ಟ್ರವೊಂದರ ಹಬ್ಬವನ್ನು ಪರದೇಶಕ್ಕೆ ತಂದವರಲ್ಲ. ಅವರು ತಂದದ್ದು ದ್ವೀಪದ, ಧರ್ಮದ ಮತ್ತು ಕಸುಬಿನ ಹಬ್ಬ. ಅದು ‘ಗ್ರೀಕ್ ರಾಷ್ಟ್ರೀಯತೆ’ಯ ಗುರುತಾಗಿ ಕಾಣತೊಡಗಿದ್ದು ಅಮೆರಿಕದಲ್ಲಿಯೇ.

4. ಆಚರಣೆಯ ಕ್ರಮ

ಹಬ್ಬದ ದಿನ ಬೆಳಗ್ಗೆ ಸಂತ ನಿಕೋಲಸ್ ಕ್ಯಾಥೆಡ್ರಲ್‌ನಲ್ಲಿ ದೀರ್ಘವಾದ ದೈವಾರಾಧನೆ ನಡೆಯುತ್ತದೆ. ಈಗಿರುವ ಕಟ್ಟಡ 1943ರದು. ಕಾನ್‌ಸ್ಟಾಂಟಿನೋಪಲ್‌ನ ಹಗಿಯಾ ಸೋಫಿಯಾದ ಪ್ರಭಾವ ಅದರ ವಾಸ್ತುವಿನಲ್ಲಿ ಎದ್ದು ಕಾಣುತ್ತದೆ. ಆರಾಧನೆಯ ಬಳಿಕ ‘ಮಹಾ ಜಲಾಶೀರ್ವಾದ’ ನಡೆಯುತ್ತದೆ. ಪವಿತ್ರಗೊಂಡ ನೀರನ್ನು ಭಕ್ತರು ಸೀಸೆಗಳಲ್ಲಿ ಮನೆಗೆ ಒಯ್ಯುತ್ತಾರೆ.

ಅಲ್ಲಿಂದ ಮೆರವಣಿಗೆ ‘ಸ್ಪ್ರಿಂಗ್ ಬಾಯೂ’ ಎಂಬ ಜಲಾಶಯದತ್ತ ಸಾಗುತ್ತದೆ. ಇದು ಅಂಕ್ಲೋಟ್ ನದಿಗೆ ಕೂಡಿಕೊಂಡಿರುವ, ಊಟೆಯ ನೀರಿರುವ ಶಾಂತವಾದ ಹಿನ್ನೀರು. ದ್ವೀಪಗಳ ಸಾಂಪ್ರದಾಯಿಕ ಉಡುಗೆ ತೊಟ್ಟ ಮಕ್ಕಳು, ಶಿಲುಬೆ ಮತ್ತು ಧ್ವಜ ಹಿಡಿದ ಸೇವಕರು, ಗಾಯಕವೃಂದ, ಪಾದ್ರಿಗಳು ಮತ್ತು ಆರ್ಚ್‌ಬಿಷಪ್ ಮೆರವಣಿಗೆಯಲ್ಲಿರುತ್ತಾರೆ. ಅವರ ನಡುವೆ 16ರಿಂದ 18 ವರ್ಷದೊಳಗಿನ ಸುಮಾರು ಐವತ್ತು ಹುಡುಗರು ಬರಿಗಾಲಲ್ಲಿ ನಡೆಯುತ್ತಾರೆ. ಬಿಳಿ ಪಾರಿವಾಳವನ್ನು ಎರಡೂ ಕೈಗಳಲ್ಲಿ ಹಿಡಿದ ಹುಡುಗಿಯೊಬ್ಬಳು ಇರುತ್ತಾಳೆ. ಹಿನ್ನೀರಿನಲ್ಲಿ ಸಣ್ಣ ದೋಣಿಗಳನ್ನು ಅರ್ಧವೃತ್ತಾಕಾರದಲ್ಲಿ ನಿಲ್ಲಿಸಲಾಗಿರುತ್ತದೆ. ಹುಡುಗರು ದಡದಿಂದ ನೀರಿಗೆ ಹಾರಿ, ಈಜಿ, ಆ ದೋಣಿಗಳನ್ನು ಹತ್ತಿ ಕಾಯುತ್ತಾರೆ. ಜೋರ್ಡಾನಿನ ದೀಕ್ಷಾಸ್ನಾನದ ಸುವಾರ್ತಾ ಭಾಗವನ್ನು ಗ್ರೀಕ್ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಓದಲಾಗುತ್ತದೆ. ಹುಡುಗಿ ಪಾರಿವಾಳವನ್ನು ಹಾರಿಬಿಡುತ್ತಾಳೆ. ಆರ್ಚ್‌ಬಿಷಪ್ ಮರದ ಬಿಳಿ ಶಿಲುಬೆಯನ್ನು ನೀರಿಗೆ ಎಸೆಯುತ್ತಾರೆ. ಮರುಗಳಿಗೆಯಲ್ಲಿ ಐವತ್ತೂ ಹುಡುಗರು ಧುಮುಕುತ್ತಾರೆ. ಶಿಲುಬೆ ಸಿಕ್ಕವನು ಅದನ್ನು ಮೇಲೆತ್ತಿ ಹಿಡಿದು ದಡಕ್ಕೆ ಬಂದು ಮಂಡಿಯೂರುತ್ತಾನೆ. ಆಶೀರ್ವಾದದ ನಂತರ ಜೊತೆಗಾರರು ಅವನನ್ನು ಹೆಗಲ ಮೇಲೆ ಹೊತ್ತು ಚರ್ಚಿಗೆ ಮರಳುತ್ತಾರೆ. ಅವನಿಗೂ ಅವನ ಮನೆತನಕ್ಕೂ ಇಡೀ ವರ್ಷ ಶುಭವೆಂದು ನಂಬಿಕೆ. ಆಮೇಲೆ ಊಟ, ಸಂಗೀತ, ಕುಣಿತಗಳ ‘ಗ್ಲೆಂದಿ’ ನಡೆಯುತ್ತದೆ.

ಈ ಕ್ರಮದಲ್ಲಿ ಮೂರು ಸಂಗತಿಗಳು ವಿಶ್ಲೇಷಣೆಗೆ ಯೋಗ್ಯವಾಗಿವೆ.

ಮೊದಲನೆಯದು, ನೀರಿನ ತರ್ಕ. ಜಲಾಶೀರ್ವಾದದ ಪ್ರಾರ್ಥನೆಯು ಎದುರಿಗಿರುವ ನೀರಿಗೆ ಜೋರ್ಡಾನಿನ ಪಾವಿತ್ರ್ಯವನ್ನು ಆವಾಹಿಸುತ್ತದೆ. ವಿಧಿ ನಡೆಯುವ ಕ್ಷಣದಲ್ಲಿ ಆ ನೀರೇ ಜೋರ್ಡಾನ್. ಅಂದರೆ ಈ ಹಬ್ಬಕ್ಕೆ ಬೇಕಾದ ಪುಣ್ಯಸ್ಥಳ ಕಲಿಮ್ನೊಸ್‌ನ ಬಂದರೂ ಅಲ್ಲ. ಅಲ್ಲಿಯೂ ಅದು ಆವಾಹಿತವಾದದ್ದೇ. ಕಲಶದ ನೀರಿಗೆ ಗಂಗೆ, ಯಮುನೆ, ಕಾವೇರಿಯರನ್ನು ಆವಾಹಿಸುವ ಸಂಪ್ರದಾಯವನ್ನು ಬಲ್ಲ ಕನ್ನಡ ಓದುಗರಿಗೆ ಈ ತರ್ಕ ಅಪರಿಚಿತವಲ್ಲ. ಹಬ್ಬಗಳನ್ನು ಈ ದೃಷ್ಟಿಯಿಂದ ‘ಸ್ಥಳಬದ್ಧ’ ಮತ್ತು ‘ಸ್ಥಳಾವಾಹಕ’ ಎಂದು ಎರಡಾಗಿ ವಿಂಗಡಿಸಬಹುದು. ನಿರ್ದಿಷ್ಟ ಗುಡಿ, ಬೆಟ್ಟ, ಸಮಾಧಿಗಳಿಗೆ ಸೇರಿದ ಜಾತ್ರೆಗಳು ಮೊದಲನೆಯ ವರ್ಗದವು; ಅವನ್ನು ಪರದೇಶದಲ್ಲಿ ನೆನೆಯಬಹುದಲ್ಲದೆ ನಡೆಸುವುದು ಕಷ್ಟ. ಎರಡನೆಯ ವರ್ಗದವು ತಮ್ಮ ಸ್ಥಳವನ್ನು ವಿಧಿಯೊಳಗೇ ಹೊತ್ತುಕೊಂಡು ಹೋಗುತ್ತವೆ. ಎಪಿಫನಿ ಈ ಎರಡನೆಯ ವರ್ಗಕ್ಕೆ ಸೇರಿದ್ದು.

ಎರಡನೆಯದು, ಊರಿನ ನಕ್ಷೆ. ಗ್ರೀಕರ ಕೇರಿ, ಸ್ಪಂಜಿನ ದೋಣಿಗಳು, ಹರಾಜುಕಟ್ಟೆ ಎಲ್ಲವೂ ಅಂಕ್ಲೋಟ್ ನದಿಯ ಧಕ್ಕೆಯ ಸುತ್ತ ಇದ್ದವು. ಸ್ಪ್ರಿಂಗ್ ಬಾಯೂವಿನ ಸುತ್ತ ಇದ್ದದ್ದು ಚಳಿಗಾಲಕ್ಕೆ ಬರುತ್ತಿದ್ದ ಸಿರಿವಂತರ ಮಹಲುಗಳು. ಆ ಭಾಗಕ್ಕೆ ‘ಗೋಲ್ಡನ್ ಕ್ರೆಸೆಂಟ್’ ಎಂದೇ ಹೆಸರು. ವರ್ಷಕ್ಕೊಮ್ಮೆ ದುಡಿಮೆಗಾರರ ಕೇರಿಯ ಜನ ತಮ್ಮ ಧರ್ಮಗುರುವನ್ನು ಮುಂದಿಟ್ಟುಕೊಂಡು, ತಮ್ಮ ಭಾಷೆಯಲ್ಲಿ ಹಾಡುತ್ತ, ಪಟ್ಟಣದ ಪ್ರತಿಷ್ಠಿತ ನೀರಿನ ಅಂಚಿಗೆ ಬಂದು ನಿಲ್ಲುತ್ತಾರೆ. ಅನ್ಯರ ವಿಹಾರದ ನೀರು ಅಂದು ಅವರ ಜೋರ್ಡಾನ್ ಆಗುತ್ತದೆ. ವಲಸಿಗರು ಹೊಸ ಊರಿನ ಮೇಲೆ ತಮ್ಮ ಹಕ್ಕನ್ನು ಸ್ಥಾಪಿಸಿದ ಬಗೆಯಾಗಿಯೂ ಈ ಮೆರವಣಿಗೆಯನ್ನು ಅರ್ಥೈಸಬಹುದು.

ಮೂರನೆಯದು, ವಯಸ್ಸಿನ ಕಟ್ಟು. ಫ್ರೆಂಚ್ ವಿದ್ವಾಂಸ ಆರ್ನಾಲ್ಡ್ ವಾನ್ ಗೆನ್ನೆಪ್ 1909ರಲ್ಲಿ ನಿರೂಪಿಸಿದ ‘ಸಂಕ್ರಮಣ ವಿಧಿ’ಗಳ ಮೂರು ಹಂತಗಳು ಇಲ್ಲಿ ಸ್ಪಷ್ಟವಾಗಿವೆ. ಬರಿಗಾಲಲ್ಲಿ ಊರಿನವರಿಂದ ಬೇರೆಯಾಗಿ ನಡೆಯುವುದು ಅಗಲಿಕೆ; ದಡಕ್ಕೂ ಸೇರದೆ ದೋಣಿಗಳಲ್ಲಿ ನಿಂತು ಕಾಯುವುದು ಹೊಸ್ತಿಲಿನ ಸ್ಥಿತಿ; ಹೆಗಲೇರಿ ಮರಳುವುದು ಪುನಸ್ಸೇರ್ಪಡೆ. ಒಬ್ಬ ಹುಡುಗನ ಬದುಕಿನಲ್ಲಿ ಈ ಅವಕಾಶ ಮೂರು ವರ್ಷಗಳಷ್ಟೇ. ಆದ್ದರಿಂದ ಪ್ರತಿ ಮನೆಯಲ್ಲೂ ಮುಂದೆ ಧುಮುಕಬೇಕಾದವನು, ಈಗ ಧುಮುಕುವವನು, ಹಿಂದೆ ಧುಮುಕಿದವನು ಎಂಬ ಸರಣಿ ಉಂಟಾಗುತ್ತದೆ. ಹಬ್ಬದ ಮುಂದುವರಿಕೆಗೆ ಇದು ಬಹು ದೊಡ್ಡ ಆಧಾರ. ಇದೇ ಕಟ್ಟು ಹೆಣ್ಣುಮಕ್ಕಳನ್ನು ಧುಮುಕುವ ವಿಧಿಯಿಂದ ಹೊರಗಿರಿಸಿದೆ ಎಂಬುದನ್ನೂ ಗುರುತಿಸಬೇಕು. ಪಾರಿವಾಳ ಹಿಡಿಯುವ ಗೌರವ ಅವಳದು, ನೀರು ಅವನದು. ಗಂಡಸರು ಮುಳುಗಿ ಹೆಂಗಸರು ದಡದಲ್ಲಿ ಕಾಯುತ್ತಿದ್ದ ಕಸುಬಿನ ವಿಭಜನೆ ವಿಧಿಯಲ್ಲಿ ಹಾಗೆಯೇ ಉಳಿದಿದೆ.

5. ಕಸುಬು ಕುಸಿದ ಮೇಲೆ

ಹಬ್ಬಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಅದರ ಆರ್ಥಿಕ ನೆಲೆಗಟ್ಟು ಕುಸಿದಾಗ. 1924ರ ವಲಸೆ ಕಾಯ್ದೆ ದಕ್ಷಿಣ ಯುರೋಪಿನಿಂದ ಬರುವವರ ಸಂಖ್ಯೆಯನ್ನು ತೀವ್ರವಾಗಿ ಮಿತಿಗೊಳಿಸಿತು. 1930ರ ದಶಕದ ಕೊನೆಯಲ್ಲಿ ಸ್ಪಂಜುಗಳಿಗೆ ರೋಗ ತಗುಲಿತು. 1947ರಲ್ಲಿ ‘ಕೆಂಪು ಅಲೆ’ ಎಂದು ಕರೆಯಲ್ಪಡುವ ವಿಷಕಾರಿ ಪಾಚಿಯ ಹಾವಳಿ ಕೊಲ್ಲಿಯ ಸ್ಪಂಜಿನ ನೆಲೆಗಳನ್ನು ಹಾಳುಮಾಡಿತು. ಅದೇ ಹೊತ್ತಿಗೆ ಕೃತಕ ಸ್ಪಂಜು ಮಾರುಕಟ್ಟೆಗೆ ಬಂದಿತು. ದೋಣಿಗಳು ದಡ ಸೇರಿದವು. ಮುಳುಗುಗಾರರ ಮಕ್ಕಳು ಅಂಗಡಿ, ಹೋಟೆಲು, ಕಚೇರಿಗಳತ್ತ ಹೊರಳಿದರು. 1980ರ ದಶಕದಲ್ಲಿ ಮೆಡಿಟರೇನಿಯನ್ ಸಮುದ್ರದ ಸ್ಪಂಜುಗಳು ರೋಗಕ್ಕೆ ತುತ್ತಾದಾಗ ಟಾರ್ಪನ್ ಸ್ಪ್ರಿಂಗ್ಸ್‌ನ ವ್ಯಾಪಾರ ಮತ್ತೆ ಚಿಗುರಿತಾದರೂ ಅದು ಇಡೀ ಸಮುದಾಯದ ಬದುಕಾಗಿ ಮರಳಲಿಲ್ಲ.

ಕಾರ್ಯವಾದಿ ವಿವರಣೆಯ ಪ್ರಕಾರ, ಕಸುಬು ಅಳಿದಾಗ ಕಸುಬಿನ ಹಬ್ಬವೂ ಅಳಿಯಬೇಕು. ಇಲ್ಲಿ ಅದಕ್ಕೆ ವಿರುದ್ಧವಾದುದು ಸಂಭವಿಸಿತು. 1953ರಲ್ಲಿ ತೆರೆಕಂಡ ‘ಬಿನೀತ್ ದ ಟ್ವೆಲ್ವ್-ಮೈಲ್ ರೀಫ್’ ಎಂಬ ಹಾಲಿವುಡ್ ಚಲನಚಿತ್ರ ಟಾರ್ಪನ್ ಸ್ಪ್ರಿಂಗ್ಸ್‌ನ ಮುಳುಗುಗಾರರ ಬದುಕನ್ನೂ ಶಿಲುಬೆಗಾಗಿ ಧುಮುಕುವ ಈ ವಿಧಿಯನ್ನೂ ತೆರೆಯ ಮೇಲೆ ತಂದಿತು. ಸ್ಪಂಜಿನ ಧಕ್ಕೆ ಪ್ರವಾಸಿಗರ ತಾಣವಾಯಿತು. ಹಬ್ಬ ನೋಡಲು ಸಾವಿರಾರು ಜನ ಸೇರತೊಡಗಿದರು. 2006ರಲ್ಲಿ ಆಚರಣೆಯ ಶತಮಾನೋತ್ಸವಕ್ಕೆ ಆರ್ಥೊಡಾಕ್ಸ್ ಸಭೆಯ ಅಗ್ರಗಣ್ಯ ಧರ್ಮಗುರುಗಳಾದ ಕಾನ್‌ಸ್ಟಾಂಟಿನೋಪಲ್‌ನ ಮಹಾಪಿತೃ ಬಾರ್ತೊಲೊಮ್ಯೂ ಅವರೇ ಬಂದರು. 2014ರಲ್ಲಿ ಪಟ್ಟಣದ ಗ್ರೀಕ್ ಕೇರಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ‘ಸಾಂಪ್ರದಾಯಿಕ ಸಾಂಸ್ಕೃತಿಕ ನೆಲೆ’ಯಾಗಿ ಸೇರಿತು, ಫ್ಲಾರಿಡಾದಲ್ಲಿ ಈ ಬಗೆಯ ಮನ್ನಣೆ ಪಡೆದ ಮೊದಲ ನೆಲೆ ಇದು. ಈ ಮನ್ನಣೆಯ ಹಿಂದೆ ಜಾನಪದ ವಿದ್ವಾಂಸೆ ಟೀನಾ ಬುಕುವಾಲಸ್ ಅವರ ಕ್ಷೇತ್ರಕಾರ್ಯವಿದೆ.

ಇದನ್ನು ಕೇವಲ ಪ್ರವಾಸೋದ್ಯಮದ ಪರಿಣಾಮವೆಂದು ತಳ್ಳಿಹಾಕುವುದು ಸುಲಭ. ಆದರೆ ಧುಮುಕುವ ಹುಡುಗರ ದೃಷ್ಟಿಯಿಂದ ನೋಡಿದಾಗ ಚಿತ್ರ ಬೇರೆಯಾಗುತ್ತದೆ. ಅಜ್ಜ, ಮುತ್ತಜ್ಜ ಪ್ರತಿದಿನ ಮಾಡುತ್ತಿದ್ದ ಕೆಲಸವನ್ನು ಮೊಮ್ಮಗ ಬದುಕಿನಲ್ಲಿ ಮೂರು ಬಾರಿ, ಕೆಲವೇ ಕ್ಷಣಗಳ ಕಾಲ, ವಿಧಿಯಾಗಿ ಮಾಡುತ್ತಾನೆ. ಕಸುಬಿನ ಜ್ಞಾನ ಅವನಲ್ಲಿಲ್ಲ. ಭಾಷೆಯೂ ಅರೆಬರೆ ಇರಬಹುದು. ಆದರೆ ನೀರಿನ ತಳಕ್ಕೆ ಹೋಗಿ ಬೆಲೆಯುಳ್ಳದ್ದೊಂದನ್ನು ತಂದು ಸಮುದಾಯಕ್ಕೆ ಒಪ್ಪಿಸುವ ಕ್ರಿಯೆ ಅವನ ಮೈಯಲ್ಲಿ ದಾಖಲಾಗುತ್ತದೆ. ಹೀಗೆ ಹಿಂದೆ ಕಸುಬಿಗೆ ರಕ್ಷೆಯಾಗಿದ್ದ ಹಬ್ಬವೇ ಕಸುಬು ಹೋದ ಮೇಲೆ ಅದರ ನೆನಪಿಗೆ ಆಸರೆಯಾಯಿತು.

6. ಉಳಿದುದು ಮತ್ತು ಅಳಿದುದು

ಟಾರ್ಪನ್ ಸ್ಪ್ರಿಂಗ್ಸ್ ಜಾನಪದ ಅಧ್ಯಯನದ ಇತಿಹಾಸದಲ್ಲಿಯೂ ಸ್ಥಾನ ಪಡೆದ ಊರು. ರಾಬರ್ಟ್ ಜಾರ್ಜಸ್ ಅವರು ಇಲ್ಲಿನ ಗ್ರೀಕ್-ಅಮೆರಿಕನ್ನರ ನಂಬಿಕೆ ಮತ್ತು ಕಥನಗಳನ್ನು ಕುರಿತು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ 1964ರಲ್ಲಿ ಡಾಕ್ಟರೇಟ್ ಪ್ರಬಂಧ ಸಲ್ಲಿಸಿದರು. ‘ಉಳಿಕೆಗಳು ಮತ್ತು ಜೀವಂತ ಪರಂಪರೆ’ ಎಂಬ ಅರ್ಥದ ಅದರ ಉಪಶೀರ್ಷಿಕೆಯೇ ವಲಸೆ ಜಾನಪದದ ಮೂಲ ಸಮಸ್ಯೆಯನ್ನು ಸೂಚಿಸುತ್ತದೆ. ಪರದೇಶದಲ್ಲಿ ಕಂಡದ್ದು ಹಳೆಯದರ ಅವಶೇಷವೇ, ಅಥವಾ ಬಾಳುವ ಸಂಪ್ರದಾಯವೇ?

ಎಪಿಫನಿಯ ಸಂದರ್ಭದಲ್ಲಿ ಉತ್ತರ ಎರಡೂ ಹೌದು. ಹನ್ನೆರಡು ದಿನಗಳ ಅಖಂಡ ಅವಧಿ ಸಡಿಲಗೊಂಡಿತು. ಶಾಲೆ ಮತ್ತು ಕಚೇರಿಗಳ ಅಮೆರಿಕನ್ ಪಂಚಾಂಗದಲ್ಲಿ ಅದಕ್ಕೆ ಎಡೆಯಿಲ್ಲ. ಹೊಗೆಗೂಡೂ ರಾತ್ರಿಯಿಡೀ ಕಾಯುವ ಒಲೆಯೂ ಇಲ್ಲದ ಮನೆಯಲ್ಲಿ ಕಲಿಕಾಂಝರಿ ಇಳಿದು ಬರಲು ದಾರಿಯಿಲ್ಲ. ಅವು ನಂಬಿಕೆಯ ಲೋಕದಿಂದ ಅಜ್ಜಿಯ ಕಥೆಗಳಿಗೆ ಸರಿದವು. ಮನೆಯ ನೆಲೆ ಹೀಗೆ ತೆಳುವಾಯಿತು. ಕಸುಬಿನ ನೆಲೆ ಸಂಕೇತವಾಗಿ ರೂಪಾಂತರ ಹೊಂದಿತು. ಚರ್ಚಿನ ವಿಧಿಯೊಂದೇ ಹೆಚ್ಚು ಕಡಿಮೆ ಇಡಿಯಾಗಿ ಉಳಿಯಿತು. ಅದರಲ್ಲಿಯೂ ಭಾಷೆ ಬದಲಾಯಿತು. 1970ರಲ್ಲಿ ಅಮೆರಿಕದ ಗ್ರೀಕ್ ಆರ್ಥೊಡಾಕ್ಸ್ ಸಭೆಯ ಮಹಾಸಮಾವೇಶ ಆರಾಧನೆಯಲ್ಲಿ ಇಂಗ್ಲಿಷಿನ ಬಳಕೆಗೆ ದಾರಿ ತೆರೆದಾಗ ತೀವ್ರ ವಿವಾದವೆದ್ದಿತು. ಗ್ರೀಕ್ ಬಿಟ್ಟರೆ ಗ್ರೀಕರಾಗಿ ಉಳಿಯುವುದೆಂತು ಎಂಬುದು ಒಂದು ಪಕ್ಷದ ಅಳುಕಾದರೆ, ಗ್ರೀಕನ್ನೇ ಹಿಡಿದರೆ ಮಕ್ಕಳು ಚರ್ಚಿನಲ್ಲಿ ಉಳಿಯುವುದೆಂತು ಎಂಬುದು ಇನ್ನೊಂದು ಪಕ್ಷದ ಅಳುಕು. ಸ್ಪ್ರಿಂಗ್ ಬಾಯೂವಿನ ದಡದಲ್ಲಿ ಎರಡು ಭಾಷೆಗಳಲ್ಲಿ ಓದಲಾಗುವ ಸುವಾರ್ತೆ ಆ ವಿವಾದಕ್ಕೆ ದೊರೆತ ಬಳಕೆಯ ಪರಿಹಾರ.

7. ಹೋಲಿಕೆಗೆ ಎರಡು ನಿದರ್ಶನಗಳು

ಪೂರ್ವದ ಧಾರೆಯ ಈ ನಿದರ್ಶನದ ಪಕ್ಕದಲ್ಲಿ ಪಶ್ಚಿಮದ ಧಾರೆಯ ಎರಡನ್ನು ಇರಿಸಿದಾಗ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಪೋರ್ಟೊರಿಕೊ ದ್ವೀಪದಲ್ಲಿ ಜನವರಿ 5ರ ರಾತ್ರಿ ಮಕ್ಕಳು ಮೂವರು ರಾಜರ ವಾಹನಗಳಿಗೆಂದು ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಮಂಚದ ಕೆಳಗೆ ಇಡುತ್ತಾರೆ. ಬೆಳಗಾದಾಗ ಅಲ್ಲಿ ಉಡುಗೊರೆ ಇರುತ್ತದೆ. ನ್ಯೂಯಾರ್ಕಿಗೆ ವಲಸೆ ಬಂದ ಪೋರ್ಟೊರಿಕನ್ನರಿಗೆ ಕಾಂಕ್ರೀಟಿನ ನಗರದಲ್ಲಿ ಹುಲ್ಲು ಕೀಳುವುದೇ ಕಷ್ಟವಾಯಿತು. ಅವರ ಹಬ್ಬ ಮನೆಯಿಂದ ಬೀದಿಗೆ ಬಂದಿತು. ಈಸ್ಟ್ ಹಾರ್ಲೆಮ್‌ನ ಎಲ್ ಮ್ಯೂಸಿಯೊ ಡೆಲ್ ಬಾರಿಯೊ ಎಂಬ ವಸ್ತುಸಂಗ್ರಹಾಲಯ 1970ರ ದಶಕದ ಉತ್ತರಾರ್ಧದಿಂದ ಒಂಟೆಗಳನ್ನೊಳಗೊಂಡ ಮೆರವಣಿಗೆಯನ್ನು ನಡೆಸಿಕೊಂಡು ಬಂದಿದೆ. ಇಲ್ಲಿ ಹಬ್ಬವನ್ನು ಹೊತ್ತದ್ದು ಚರ್ಚಲ್ಲ, ಸಾಂಸ್ಕೃತಿಕ ಸಂಸ್ಥೆ.

ಇನ್ನೊಂದು ನಿದರ್ಶನ ಕರ್ನಾಟಕದ ನೆರೆಯ ಗೋವೆಯದು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಯೊಂದಿಗೆ ಬಂದ ಮೂವರು ರಾಜರ ಹಬ್ಬ ರೈಸ್ ಮಾಗೋಸ್‌ನಲ್ಲಿಯೂ ಕಾನ್ಸೌಲಿಂ ಪರಿಸರದಲ್ಲಿಯೂ ಇಂದಿಗೂ ನಡೆಯುತ್ತದೆ. ಕಾನ್ಸೌಲಿಂ, ಆರೊಸ್ಸಿಂ ಮತ್ತು ಕುಯೆಲಿಂ ಗ್ರಾಮಗಳಿಂದ ಒಬ್ಬೊಬ್ಬ ಬಾಲಕ ರಾಜನ ವೇಷ ತೊಟ್ಟು, ಬೇರೆ ಬೇರೆ ದಾರಿಗಳಿಂದ ಹೊರಟು ಕುಯೆಲಿಂ ಬೆಟ್ಟದ ಮೇಲಿನ ಪ್ರಾರ್ಥನಾ ಮಂದಿರವನ್ನು ಸೇರುತ್ತಾರೆ. ಇಲ್ಲಿ ಹಬ್ಬವನ್ನು ತಂದವರು 1961ರಲ್ಲಿ ತೆರಳಿದರು, ಹಬ್ಬ ಉಳಿಯಿತು. ಅದು ಉಳಿದದ್ದು ಮೂರು ಊರುಗಳ ನಡುವಿನ ಸರದಿ, ಹಕ್ಕು ಮತ್ತು ಬೆಟ್ಟದ ದಾರಿಗಳೊಂದಿಗೆ ಬೆಸೆದುಕೊಂಡಿದ್ದರಿಂದ. ತಂದವರಿಲ್ಲದೆಯೂ ಹಬ್ಬ ಬಾಳಬಲ್ಲುದು ಎಂಬುದಕ್ಕೆ ಗೋವೆ ನಿದರ್ಶನವಾದರೆ, ತಂದ ಕಾರಣವಿಲ್ಲದೆಯೂ ಬಾಳಬಲ್ಲುದು ಎಂಬುದಕ್ಕೆ ಟಾರ್ಪನ್ ಸ್ಪ್ರಿಂಗ್ಸ್ ನಿದರ್ಶನ.

8. ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಪರದೇಶದಲ್ಲಿ ಹಬ್ಬವೊಂದು ಬಾಳಲು ತಾಯ್ನೆಲದ ಯಥಾವತ್ತಾದ ಪ್ರತಿಕೃತಿ ಅಗತ್ಯವಿಲ್ಲ. ಅದರ ವಿಧಿಯು ತನ್ನ ಪುಣ್ಯಸ್ಥಳವನ್ನು ತನ್ನೊಳಗೇ ಹೊಂದಿರಬೇಕು, ಇಲ್ಲವೇ ಹೊಸ ನೆಲದಲ್ಲಿ ಅದನ್ನು ಕಂಡುಕೊಳ್ಳಬೇಕು. ಹೊಸ ಊರಿನ ನೀರು, ಬೀದಿ, ಬೆಟ್ಟಗಳಲ್ಲೊಂದರ ಮೇಲೆ ಅದಕ್ಕೆ ಹಕ್ಕು ದೊರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ತಲೆಮಾರಿಗೆ ಅದು ನೋಡುವ ಕೆಲಸವನ್ನಲ್ಲ, 16ರ ಹುಡುಗನಿಗೆ ಕೊಟ್ಟಂತೆ ಮೈಯಿಂದ ಮಾಡುವ ಕೆಲಸವನ್ನು ಕೊಡಬೇಕು.

ಕನ್ನಡ ಜಾನಪದ ಅಧ್ಯಯನಕ್ಕೆ ಈ ತೀರ್ಮಾನಗಳು ಅಪ್ರಸ್ತುತವಲ್ಲ. 1960ರ ದಶಕದಿಂದ ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟನ್ನರು ತಮ್ಮ ಹೊಸವರ್ಷವಾದ ಲೋಸಾರನ್ನು ಕರ್ನಾಟಕದ ನೆಲದಲ್ಲಿ ಆಚರಿಸುತ್ತಿದ್ದಾರೆ. ಅಮೆರಿಕ, ಬ್ರಿಟನ್, ಕೊಲ್ಲಿ ರಾಷ್ಟ್ರಗಳ ಕನ್ನಡ ಸಂಘಗಳು ಯುಗಾದಿಯನ್ನು ಸಭಾಂಗಣಗಳಲ್ಲಿ ಆಚರಿಸುತ್ತಿವೆ. ಹಳ್ಳಿಯ ಮೂಲರೂಪವನ್ನು ಅಳತೆಗೋಲಾಗಿಟ್ಟು ಇವುಗಳನ್ನು ಅಸಲಿ ಅಥವಾ ನಕಲಿ ಎಂದು ತೂಗುವ ಬದಲು, ಹೊಸ ನೆಲದಲ್ಲಿ ಯಾರಿಗೆ ಯಾವ ಕೆಲಸ ದೊರೆತಿದೆ, ಯಾವ ನೀರು ಯಾವ ಹೊಳೆಯಾಗಿದೆ, ಯಾರು ದಡದಲ್ಲಿಯೇ ಉಳಿದಿದ್ದಾರೆ ಎಂದು ದಾಖಲಿಸುವುದು ಹೆಚ್ಚು ಫಲಕಾರಿಯಾದ ಮಾರ್ಗ. ಮೊದಲ ತಲೆಮಾರಿನ ವಲಸಿಗರ ನೆನಪುಗಳು ಅವರೊಂದಿಗೇ ಮರೆಯಾಗುತ್ತಿರುವುದರಿಂದ ಈ ಕ್ಷೇತ್ರಕಾರ್ಯ ತಡವಾಗಬಾರದು.